ಜೇಬಿನ ಪಿಸ್ತೂಲಿಗೆ ಯಾವ ತೋಟಾ? .380 ಮದ್ದುಗುಂಡುಗಳ ಒಂದು ವಿಮರ್ಶೆ

ಹ್ಯೂಸ್ಟನ್ ನಗರದ ಹೊರವಲಯದ ಅಂಗಡಿಯೊಂದರಲ್ಲಿ ರುಗರ್ ಎಲ್‌ಸಿಪಿ ಪಿಸ್ತೂಲನ್ನು ಆರಿಸಿಕೊಳ್ಳಲು ನನಗೆ ಅರ್ಧ ಗಂಟೆ ಸಾಕಾಯಿತು. ಅದರೊಳಗೆ ಯಾವ ತೋಟಾ ತುಂಬಿಡಬೇಕೆಂದು ತೀರ್ಮಾನಿಸಲು ಒಂದು ಇಡೀ ಚಳಿಗಾಲ ಹಿಡಿಯಿತು. ಅಜ್ಜನ ಮನೆಯಲ್ಲಿ ಬೆಳೆ ಕಾಯಲು ಇಟ್ಟುಕೊಂಡಿದ್ದ ತೋಟಾ ಕೋವಿಗೆ ಇಂಥ ಸಮಸ್ಯೆ ಇರಲಿಲ್ಲ. ಹಂದಿಗೆ ಎಲ್‌ಜಿ ಎಂಬ ದಪ್ಪ ಚರೆ, ಹಕ್ಕಿಗೆ ಸಣ್ಣ ಚರೆ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಇಲ್ಲಿಯ ಅಂಗಡಿಯ ಗೋಡೆಯಲ್ಲಾದರೋ ಒಂದೇ ಅಳತೆಯ ತೋಟಾಗಳು ಹತ್ತಾರು ಬಣ್ಣದ ಪೆಟ್ಟಿಗೆಗಳಲ್ಲಿ ಸಾಲಾಗಿ ಕುಳಿತಿರುತ್ತವೆ, ಮತ್ತು ಪ್ರತಿಯೊಂದು ಪೆಟ್ಟಿಗೆಯೂ ಪ್ರಾಣರಕ್ಷಣೆಯ ಭರವಸೆಯನ್ನು ಹೊಳೆಯುವ ಅಕ್ಷರಗಳಲ್ಲಿ ಬರೆದುಕೊಂಡಿರುತ್ತದೆ. ಆ ಪೆಟ್ಟಿಗೆಗಳಲ್ಲಿ ಕೆಲವನ್ನು ಕೊಂಡು, ಹಾರಿಸಿ, ದೇಹದ ಬದಲಿಗೆ ಜೆಲಾಟಿನ್ ಗಟ್ಟಿಗೆ ಗುಂಡು ಹಾರಿಸಿ ನೋಡುವ ಜೆಲ್ ಪರೀಕ್ಷೆಗಳ ಫಲಿತಾಂಶಗಳನ್ನು ಪಕ್ಕದಲ್ಲಿಟ್ಟು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ಪಿಸ್ತೂಲಿನ ಮಿತಿಯನ್ನು ಹೇಳಬೇಕು, ಏಕೆಂದರೆ ತೋಟಾದ ಗುಣದೋಷಗಳೆಲ್ಲ ಆ ಮಿತಿಯಿಂದಲೇ ಹುಟ್ಟುತ್ತವೆ. 2008ರಲ್ಲಿ ಮಾರುಕಟ್ಟೆಗೆ ಬಂದ ಎಲ್‌ಸಿಪಿಯ ನಳಿಗೆ ಕೇವಲ 2.75 ಇಂಚು ಉದ್ದವಿದೆ. ಖಾಲಿ ಪಿಸ್ತೂಲಿನ ತೂಕ ಮುನ್ನೂರು ಗ್ರಾಮನ್ನೂ ಮುಟ್ಟುವುದಿಲ್ಲ. ಮ್ಯಾಗಜಿನ್‌ನಲ್ಲಿ ಆರು ತೋಟಾ, ನಳಿಗೆಯಲ್ಲಿ ಒಂದು, ಅಲ್ಲಿಗೆ ಲೆಕ್ಕ ಮುಗಿಯಿತು. ಅದು ನುಂಗುವ .380 ಎಸಿಪಿ ತೋಟಾವಾದರೋ ನೂರು ವರ್ಷಕ್ಕೂ ಹಳೆಯದು. ಜಾನ್ ಬ್ರೌನಿಂಗ್ ರೂಪಿಸಿದ ಇದನ್ನು ಕೋಲ್ಟ್ ಕಂಪನಿ 1908ರಲ್ಲಿ ತನ್ನ ಜೇಬು ಪಿಸ್ತೂಲಿನೊಂದಿಗೆ ಹೊರತಂದಿತು. ಯುರೋಪಿನಲ್ಲಿ ಇದನ್ನೇ 9 ಎಂಎಂ ಕುರ್ಟ್ಸ್, 9 ಎಂಎಂ ಬ್ರೌನಿಂಗ್ ಶಾರ್ಟ್ ಎಂದೆಲ್ಲ ಕರೆಯುತ್ತಾರೆ. ಗುಂಡಿನ ದಪ್ಪ ಹೆಚ್ಚುಕಡಿಮೆ ಸಾಮಾನ್ಯ 9 ಎಂಎಂನದೇ, ಆದರೆ ಗುಂಡನ್ನೂ ಮದ್ದನ್ನೂ ಹಿಡಿದಿಡುವ ಹಿತ್ತಾಳೆಯ ಕೊಳವೆ ಗಿಡ್ಡ, ಮದ್ದು ಕಡಿಮೆ. 9 ಎಂಎಂ ತೋಟಾಕ್ಕೆ ಚದರ ಇಂಚಿಗೆ 35,000 ಪೌಂಡಿನವರೆಗೆ ಒತ್ತಡ ಅನುಮತಿಸಿದರೆ ಇದಕ್ಕೆ ಅನುಮತಿಸುವುದು 21,500 ಮಾತ್ರ.

ಇದನ್ನು ಆಟಿಕೆಯೆಂದು ಮೂದಲಿಸುವವರು ಪ್ರತಿ ಶೂಟಿಂಗ್ ರೇಂಜಿನಲ್ಲಿಯೂ ಒಬ್ಬಿಬ್ಬರು ಸಿಗುತ್ತಾರೆ. ಭಾರತದಿಂದ ಬಂದವನಾದ ನನಗೆ ಆ ಮಾತು ಎಂದೂ ತಮಾಷೆಯಾಗಿ ಕೇಳಿಸಿಲ್ಲ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರ ಮೇಲೆ ಹಾರಿದ ಮೂರು ಗುಂಡುಗಳು ಬೆರೆಟ್ಟಾ ಎಂ1934 ಪಿಸ್ತೂಲಿನವು. ಅದರ ತೋಟಾ 9 ಎಂಎಂ ಕೊರ್ಟೊ, ಅಂದರೆ ಇದೇ .380. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ರಾಜಕುಮಾರನನ್ನು ಕೊಂದದ್ದೂ ಇದೇ ಅಳತೆಯ ಗುಂಡು. ಅಳತೆ ಸಣ್ಣದೆಂಬ ಕಾರಣಕ್ಕೆ ಅದರ ಜವಾಬ್ದಾರಿ ಸಣ್ಣದಾಗುವುದಿಲ್ಲ. ಹಾಗೆಯೇ, ಕೊಲ್ಲಬಲ್ಲ ಗುಂಡು ಮತ್ತು ಎದುರಿನಿಂದ ನುಗ್ಗಿ ಬರುವವನನ್ನು ಆ ಕ್ಷಣದಲ್ಲೇ ನಿಲ್ಲಿಸಬಲ್ಲ ಗುಂಡು ಎರಡೂ ಒಂದೇ ಅಲ್ಲ. ಆತ್ಮರಕ್ಷಣೆಗೆ ಬೇಕಾಗಿರುವುದು ಎರಡನೆಯದು, ಮತ್ತು ಅಲ್ಲಿಯೇ ಈ ಪುಟ್ಟ ತೋಟಾಕ್ಕೆ ಏದುಸಿರು ಬರುವುದು.

ಏಕೆ ಎಂಬುದನ್ನು ತುಸು ವಿವರವಾಗಿ ನೋಡೋಣ. ಮೂತಿ ಮುಚ್ಚಿದ, ತಾಮ್ರದ ಹೊದಿಕೆಯ ಸಾದಾ ಗುಂಡು ದೇಹದೊಳಗೆ ತನ್ನ ಆಕಾರ ಬದಲಿಸದೆ ನೇರವಾಗಿ ಸಾಗುತ್ತದೆ. ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡು ಒಳಹೊಕ್ಕಾಗ ಆ ಕುಳಿಯಲ್ಲಿ ತುಂಬಿಕೊಳ್ಳುವ ದ್ರವದ ಒತ್ತಡದಿಂದ ಅಣಬೆಯಂತೆ ಅರಳಿ, ಅಗಲವಾದ ಗಾಯ ಮಾಡಿ, ಬೇಗ ನಿಲ್ಲುತ್ತದೆ. ಅರಳುವುದಕ್ಕೂ ವೇಗ ಬೇಕು, ಆಳಕ್ಕೆ ಹೋಗುವುದಕ್ಕೂ ವೇಗ ಬೇಕು. 9 ಎಂಎಂ ಪಿಸ್ತೂಲಿಗೆ ಎರಡು ಖರ್ಚನ್ನೂ ತೂಗಿಸುವಷ್ಟು ಆದಾಯವಿದೆ. .380ಗೆ ಇಲ್ಲ. ಕಾರ್ಖಾನೆಯವರು 90 ಗ್ರೇನ್ ತೂಕದ ಗುಂಡಿಗೆ ಸೆಕೆಂಡಿಗೆ 1000 ಅಡಿ ವೇಗವೆಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ನಾಲ್ಕು ಇಂಚು ಉದ್ದದ ಪರೀಕ್ಷಾ ನಳಿಗೆಯ ಲೆಕ್ಕ. ಎಲ್‌ಸಿಪಿಯಂಥ ಮೋಟು ನಳಿಗೆಯಲ್ಲಿ ಅದರಲ್ಲಿ ಸುಮಾರು ನೂರು ಅಡಿ ಸೋರಿಹೋಗುತ್ತದೆ. ಸಾವಿರ ಅಡಿಯಲ್ಲಿ 200 ಫೂಟ್-ಪೌಂಡ್ ಇರುವ ಶಕ್ತಿ ಒಂಬೈನೂರಕ್ಕಿಳಿದಾಗ 162 ಆಗುತ್ತದೆ. ವೇಗದಲ್ಲಿ ಹತ್ತರಲ್ಲೊಂದು ಪಾಲು ಕಳೆದುಕೊಂಡರೆ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆ. (ಗ್ರೇನ್ ಎಂಬ ಹಳೆಯ ತೂಕದ ಪರಿಚಯವಿಲ್ಲದವರಿಗಾಗಿ: ಒಂದು ಪೌಂಡಿಗೆ 7000 ಗ್ರೇನ್, 90 ಗ್ರೇನ್ ಎಂದರೆ ಆರು ಗ್ರಾಮಿಗೂ ತುಸು ಕಡಿಮೆ.)

ಆಳ ಎಷ್ಟಿರಬೇಕು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಎಲ್ಲರೂ ಹಿಡಿದುಕೊಂಡಿರುವ ಅಳತೆಗೋಲು ಎಫ್‌ಬಿಐಯದು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಆ ಸಂಸ್ಥೆಯ ಇಬ್ಬರು ಅಧಿಕಾರಿಗಳು ಸತ್ತರು. ಅಧಿಕಾರಿಯೊಬ್ಬರ 9 ಎಂಎಂ ಹಾಲೋ ಪಾಯಿಂಟ್ ಗುಂಡು ದರೋಡೆಕೋರನ ತೋಳನ್ನು ದಾಟಿ ಎದೆಗೂಡನ್ನು ಹೊಕ್ಕರೂ ಹೃದಯವನ್ನು ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು; ಅಂಥ ಗಾಯವಾದ ಮೇಲೂ ಅವನು ಗುಂಡು ಹಾರಿಸುತ್ತಲೇ ಇದ್ದ. ಆ ಘಟನೆಯ ನಂತರ ರೂಪುಗೊಂಡ ಪರೀಕ್ಷೆಯ ಪ್ರಕಾರ, ಶೇಕಡಾ 10ರ ಜೆಲಾಟಿನ್ ಗಟ್ಟಿಯೊಳಗೆ ಗುಂಡು ಕನಿಷ್ಠ 12 ಇಂಚು, ಗರಿಷ್ಠ 18 ಇಂಚು ಹೋಗಬೇಕು; ಜೆಲ್‌ನ ಮುಂದೆ ದಪ್ಪ ಬಟ್ಟೆಯ ನಾಲ್ಕು ಪದರಗಳನ್ನು ಹೊದಿಸಿಯೂ ಅದು ಅಷ್ಟೇ ಹೋಗಬೇಕು. ಮನುಷ್ಯನ ಎದೆ ಹನ್ನೆರಡು ಇಂಚು ದಪ್ಪ ಎಲ್ಲಿದೆ ಎಂದು ಕೇಳುವವರಿದ್ದಾರೆ. ಎದುರಿಗೆ ನಿಂತವನು ಫೋಟೋಗೆ ನಿಂತಂತೆ ನೇರವಾಗಿ ನಿಂತಿರುವುದಿಲ್ಲ. ಅವನು ಓರೆಯಾಗಿರುತ್ತಾನೆ, ಅವನ ತೋಳು ಅಡ್ಡ ಬಂದಿರುತ್ತದೆ. ಮಯಾಮಿಯಲ್ಲಿ ಆದದ್ದೂ ಅದೇ. ಪೊಲೀಸರಿಗಾಗಿ ಮಾಡಿದ ಅಳತೆ ಸಾಮಾನ್ಯನಿಗೇಕೆ ಎಂಬ ವಾದವೂ ಇದೆ, ಅದರಲ್ಲಿ ತುಸು ಹುರುಳೂ ಇದೆ. ಆದರೂ ಬೇರೆಬೇರೆ ತೋಟಾಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಇದಕ್ಕಿಂತ ಒಳ್ಳೆಯ ಸಾಧನ ನಮ್ಮ ಕೈಯಲ್ಲಿಲ್ಲ.

ಇನ್ನು ಪೆಟ್ಟಿಗೆಗಳ ವಿಷಯ. ನಾನು ಮೊದಲು ಕೊಂಡದ್ದು ಹಾರ್ನಡಿ ಕಂಪನಿಯ ಕ್ರಿಟಿಕಲ್ ಡಿಫೆನ್ಸ್. ಬಹುತೇಕ ಎಲ್ಲರೂ ಮೊದಲು ಕೊಳ್ಳುವುದು ಇದನ್ನೇ, ಏಕೆಂದರೆ ಪ್ರತಿ ಅಂಗಡಿಯಲ್ಲಿಯೂ ಇದು ಸಿಗುತ್ತದೆ. 90 ಗ್ರೇನ್ ಗುಂಡಿನ ಕುಳಿಯೊಳಗೆ ಕೆಂಪು ಬಣ್ಣದ ಮೆತ್ತನೆಯ ಪಾಲಿಮರ್ ತುದಿಯೊಂದನ್ನು ಕೂರಿಸಿದ್ದಾರೆ. ಅದರಿಂದ ಎರಡು ಪ್ರಯೋಜನಗಳಿವೆ: ಬಟ್ಟೆಯ ಎಳೆಗಳು ಕುಳಿಯೊಳಗೆ ತುರುಕಿಕೊಂಡು ಗುಂಡು ಅರಳದಂತೆ ಮಾಡುವುದು ತಪ್ಪುತ್ತದೆ, ಮತ್ತು ಮೂತಿ ಚೂಪಾಗಿ ನುಣುಪಾಗಿರುವುದರಿಂದ ತೋಟಾ ಮ್ಯಾಗಜಿನ್‌ನಿಂದ ನಳಿಗೆಗೆ ಎಲ್ಲಿಯೂ ತಡೆಯದೆ ಜಾರುತ್ತದೆ. ಕೊಳವೆಗೆ ನಿಕಲ್ ಲೇಪವಿದೆ. ಟೆಕ್ಸಾಸಿನ ಬೇಸಿಗೆಯಲ್ಲಿ ದಿನವಿಡೀ ಪ್ಯಾಂಟಿನ ಜೇಬಿನ ಬೆವರಿನಲ್ಲಿ ನೆನೆಯುವ ತೋಟಾಕ್ಕೆ ಅದು ಶೋಕಿಯಲ್ಲ. ಹಿಮ್ಮೆಟ್ಟುವ ಪೆಟ್ಟು ಸಹ್ಯವಾಗಿದೆ. ಇಷ್ಟೆಲ್ಲ ಒಳ್ಳೆಯ ಗುಣಗಳ ನಡುವೆ ನನ್ನನ್ನು ಕಾಡುವುದು ಒಂದೇ ಸಂಗತಿ, ಅದು ಆಳ. ಮೋಟು ನಳಿಗೆಗಳಿಂದ ಮಾಡಿದ ಪರೀಕ್ಷೆಗಳಲ್ಲಿ ಈ ಗುಂಡು ಅರಳಿದಾಗ 12 ಇಂಚಿನ ಗೆರೆಯ ಈಚೆಗೇ ನಿಂತುಬಿಡುವುದು ಅಪರೂಪವೇನಲ್ಲ. ಇದು ಕೆಟ್ಟ ತೋಟಾ ಅಲ್ಲ. ಇದೊಂದೇ ಸಿಗುವ ಊರಿನಲ್ಲಿದ್ದರೆ ಕೊಂಡು ನಿಶ್ಚಿಂತೆಯಿಂದ ಇರುತ್ತಿದ್ದೆ.

ನ್ಯೂ ಜೆರ್ಸಿಯಲ್ಲಿರುವ ಕನ್ನಡಿಗರಿಗೆ ಮಾತ್ರ ಆ ಕೆಂಪು ತುದಿಗೆ ಬೇರೆಯೇ ಒಂದು ಬೆಲೆಯಿದೆ. ಆ ರಾಜ್ಯದ ಕಾನೂನು ಹಾಲೋ ಪಾಯಿಂಟ್ ಗುಂಡುಗಳನ್ನು ಮನೆ, ರೇಂಜು ಮುಂತಾದ ಕೆಲವು ವಿನಾಯಿತಿಗಳ ಹೊರಗೆ ಇಟ್ಟುಕೊಳ್ಳುವುದನ್ನು ಅಪರಾಧವೆಂದು ಬಗೆಯುತ್ತದೆ. ಆದರೆ ಪಾಲಿಮರ್ ತುಂಬಿ ಕುಳಿ ಮುಚ್ಚಿದ ಗುಂಡು ಹಾಲೋ ಪಾಯಿಂಟ್ ಎನಿಸಿಕೊಳ್ಳುವುದಿಲ್ಲವೆಂದು ಅಲ್ಲಿನ ರಾಜ್ಯ ಪೊಲೀಸರೇ ಹೇಳಿದ್ದಾರೆ, ಮತ್ತು ಉದಾಹರಣೆಯಾಗಿ ಕ್ರಿಟಿಕಲ್ ಡಿಫೆನ್ಸ್ ಹೆಸರನ್ನೇ ಕೊಟ್ಟಿದ್ದಾರೆ. ಅರಳುವ ಗುಂಡಿನ ಮೇಲಿನ ಈ ಸಿಟ್ಟಿಗೆ ನಮ್ಮ ದೇಶದ ನಂಟೂ ಇದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಮೂತಿ ಬಿಚ್ಚಿದ .303 ಗುಂಡುಗಳನ್ನು ತಯಾರಿಸಿದರು. ಅವುಗಳಿಂದಾದ ಗಾಯಗಳು ಎಬ್ಬಿಸಿದ ಗದ್ದಲದ ಹಿನ್ನೆಲೆಯಲ್ಲಿ 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡುಗಳನ್ನು ನಿಷೇಧಿಸಿತು. ಇಂದಿಗೂ ಇಂಥ ಗುಂಡಿಗೆ ದಮ್‌ದಮ್ ಎಂಬ ಹೆಸರು ಹಲವು ಭಾಷೆಗಳಲ್ಲಿ ಉಳಿದಿದೆ. ಸೈನಿಕರಿಗೆ ನಿಷಿದ್ಧವಾದದ್ದನ್ನು ಪೊಲೀಸರು ಮತ್ತು ನಾಗರಿಕರು ಬಳಸುವುದು ವಿಚಿತ್ರವೆನಿಸಬಹುದು. ಕಾರಣ ಸರಳವಾಗಿದೆ: ಊರಿನ ನಡುವೆ ಹಾರಿದ ಗುಂಡು ಒಬ್ಬನನ್ನು ದಾಟಿ ಹಿಂದೆ ನಿಂತವನನ್ನೂ ತಾಗಬಾರದು.

ನಾನು ಕೊನೆಗೆ ಒಲಿದದ್ದು ಎಕ್ಸ್‌ಟಿಪಿ ಎಂಬ ಗುಂಡಿಗೆ. ಇದೂ ಹಾರ್ನಡಿಯದೇ, ಇದೂ 90 ಗ್ರೇನ್ ತೂಕದ್ದೇ; ಆದರೆ ಕ್ರಿಟಿಕಲ್ ಡಿಫೆನ್ಸ್‌ಗಿಂತ ಬಹಳ ಹಳೆಯದು, ನೋಡಲು ಸಾದಾ. ಹಾರ್ನಡಿ ಇದನ್ನು ಕಸ್ಟಮ್ ಮತ್ತು ಅಮೆರಿಕನ್ ಗನ್ನರ್ ಎಂಬ ಹೆಸರುಗಳಲ್ಲಿ ತೋಟಾ ಮಾಡಿ ಮಾರುತ್ತದೆ. ಇಟಲಿ ಮೂಲದ ಫಿಯೋಕ್ಕಿಯಂಥ ಕಂಪನಿಗಳೂ ಇದೇ ಗುಂಡನ್ನು ಕೊಂಡು ತಮ್ಮ ಕೊಳವೆಗೆ ಕೂರಿಸಿ ಮಾರುತ್ತವೆ. ಇದರ ಹೊದಿಕೆ ತುಸು ಬಿಗಿ, ಕುಳಿ ಅಷ್ಟು ಆತುರದ್ದಲ್ಲ. ಆದ್ದರಿಂದ ಇದು ದೊಡ್ಡದಾಗಿ ಅರಳುವುದಿಲ್ಲ. ಸ್ವಲ್ಪವೇ ಅರಳಿ, ಉಳಿದ ಶಕ್ತಿಯನ್ನೆಲ್ಲ ಮುಂದಕ್ಕೆ ಸಾಗಲು ಇಟ್ಟುಕೊಳ್ಳುತ್ತದೆ. .380ಯ ಜೆಲ್ ಪರೀಕ್ಷೆಗಳಲ್ಲಿ ಅರಳುವಿಕೆ ಮತ್ತು ಆಳ ಎರಡನ್ನೂ ಒಟ್ಟಿಗೆ ಸರಿದೂಗಿಸಿದ ತೋಟಾಗಳ ಪಟ್ಟಿ ಬಹಳ ಚಿಕ್ಕದು, ಆ ಚಿಕ್ಕ ಪಟ್ಟಿಯಲ್ಲಿ ಎಕ್ಸ್‌ಟಿಪಿ ತುಂಬಿದವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಅರಳದೆ ಹೋದರೂ ನಷ್ಟವಿಲ್ಲ, ಒಂದು ಸಾದಾ ಗುಂಡಿನ ಕೆಲಸವನ್ನಂತೂ ಮಾಡಿಯೇ ತೀರುತ್ತದೆ. ಸೋತಾಗ ಏನಾಗುತ್ತದೆ ಎಂಬುದನ್ನು ನೋಡಿ ವಸ್ತು ಕೊಳ್ಳುವ ಸ್ವಭಾವದವನು ನಾನು. ಕ್ರಿಟಿಕಲ್ ಡಿಫೆನ್ಸ್ ಸೋತರೆ ಆಳದಲ್ಲಿ ಸೋಲುತ್ತದೆ, ಇದು ಸೋತರೆ ಅಗಲದಲ್ಲಿ ಸೋಲುತ್ತದೆ. ಆರೇ ತೋಟಾದ ಪಿಸ್ತೂಲಿಗೆ ಎರಡನೆಯ ಸೋಲೇ ಮೇಲು ಎಂಬುದು ನನ್ನ ಎಣಿಕೆ.

ಫೆಡರಲ್ ಕಂಪನಿಯ ಎಚ್‌ಎಸ್‌ಟಿ ವಿಷಯದಲ್ಲಿ ನನಗೆ ಬೇಸರವಾಯಿತೆಂದೇ ಹೇಳಬೇಕು. 9 ಎಂಎಂನಲ್ಲಿ ಅದಕ್ಕೆ ಸಾಟಿಯಾದ ತೋಟಾ ಕಡಿಮೆ. ದೊಡ್ಡ ಪಿಸ್ತೂಲಿಗೆ ನಾನೂ ಅದನ್ನೇ ತುಂಬುತ್ತೇನೆ. .380ಗೆಂದು ಅವರು 99 ಗ್ರೇನ್‌ನ ಗುಂಡನ್ನು ಮಾಡಿದ್ದಾರೆ. ದಳಗಳು ಚೆಂದವಾಗಿ, ಹೂವಿನಂತೆ ಅಗಲವಾಗಿ ಬಿಚ್ಚಿಕೊಳ್ಳುತ್ತವೆ, ಮತ್ತು ಆ ಚೆಂದವೇ ಇಲ್ಲಿ ಮುಳುವಾಗುತ್ತದೆ. ಅಷ್ಟು ಅಗಲಿಸಿಕೊಂಡ ಮೇಲೆ ಮುಂದೆ ಹೋಗಲು ಶಕ್ತಿ ಉಳಿಯುವುದಿಲ್ಲ. ಆಳದ ಕೊರತೆ ಕಂಪನಿಗೂ ಗೊತ್ತಿದೆ ಎಂಬುದಕ್ಕೆ ಅವರದೇ ಹೈಡ್ರಾ-ಶಾಕ್ ಡೀಪ್ ಸಾಕ್ಷಿ, ಅದರ ಹೆಸರಿನಲ್ಲೇ ಆಳವಿದೆ. ಸ್ಪೀರ್ ಗೋಲ್ಡ್ ಡಾಟ್‌ನ 90 ಗ್ರೇನ್ ತೋಟಾವನ್ನು ಎಕ್ಸ್‌ಟಿಪಿಯ ನಂತರದ ಸ್ಥಾನದಲ್ಲಿಡುತ್ತೇನೆ. ಅದರ ತಾಮ್ರದ ಹೊದಿಕೆ ಸೀಸಕ್ಕೆ ಬೆಸೆದುಕೊಂಡಿರುವುದರಿಂದ ಗುಂಡು ಚೂರಾಗುವುದಿಲ್ಲ. ಮೋಟು ನಳಿಗೆಯಲ್ಲಿ ಅರಳುವುದೋ ಇಲ್ಲವೋ ಎಂಬುದರಲ್ಲಿ ಮಾತ್ರ ತುಸು ಅದೃಷ್ಟದ ಪಾಲಿದೆ.

ಇನ್ನೊಂದು ಪಂಥದವರು ಅರಳುವ ಆಸೆಯನ್ನೇ ಕೈಬಿಟ್ಟಿದ್ದಾರೆ. ಅವರು ವಿಂಚೆಸ್ಟರ್‌ನ ಬಿಳಿ ಪೆಟ್ಟಿಗೆಯಲ್ಲಿ ಬರುವ, ಮೂತಿ ಚಪ್ಪಟೆಯಾದ 95 ಗ್ರೇನ್ ಸಾದಾ ಗುಂಡನ್ನೇ ಆತ್ಮರಕ್ಷಣೆಗೂ ತುಂಬುತ್ತಾರೆ. ಈ ವಾದವನ್ನು ನಾನು ತಳ್ಳಿಹಾಕಲಾರೆ. ಅಗ್ಗ, ಎಲ್ಲ ಕಡೆ ಲಭ್ಯ, ಅಭ್ಯಾಸಕ್ಕೂ ರಕ್ಷಣೆಗೂ ಒಂದೇ ತೋಟಾ. ದುಂಡು ಮೂತಿಯ ಗುಂಡಿನಂತೆ ಅಂಗಾಂಶವನ್ನು ಬದಿಗೆ ಸರಿಸಿ ಜಾರಿಹೋಗುವ ಬದಲು ಚಪ್ಪಟೆ ಮೂತಿ ಕತ್ತರಿಸುತ್ತ ಹೋಗುತ್ತದೆ. ತೊಂದರೆಯೆಂದರೆ ಅದು ಎಲ್ಲಿ ನಿಲ್ಲುತ್ತದೆ ಎಂಬುದು. ಅರಳದ .380 ಗುಂಡು 18 ಇಂಚಿನ ಗೆರೆಯನ್ನು ಸುಲಭವಾಗಿ ದಾಟುತ್ತದೆ. ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ನಮ್ಮೂರಿನ ಒಂದೂವರೆ ಅಡಿಯ ಮಣ್ಣಿನ ಗೋಡೆಯಲ್ಲ. ನಿಜ ಹೇಳಬೇಕೆಂದರೆ ಗುರಿ ತಪ್ಪಿದರೆ ಹಾಲೋ ಪಾಯಿಂಟ್ ಕೂಡ ಆ ಹಲಗೆಯನ್ನು ದಾಟುತ್ತದೆ. ಆದರೆ ಗುರಿ ಮುಟ್ಟಿದ ಗುಂಡಾದರೂ ಅಲ್ಲಿಯೇ ನಿಲ್ಲಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲವಷ್ಟೆ. ಹಾರಿದ ಪ್ರತಿ ಗುಂಡಿಗೂ ಹಾರಿಸಿದವನೇ ಹೊಣೆ.

ಲೀಹೈ ಕಂಪನಿಯ ವಿನ್ಯಾಸದ, ಮೂತಿಯಲ್ಲಿ ಸ್ಕ್ರೂ ಡ್ರೈವರಿನಂತೆ ಕೊರೆತಗಳಿರುವ ಪೂರ್ತಿ ತಾಮ್ರದ ಗುಂಡುಗಳು ಈಚೆಗೆ ಹೆಸರು ಮಾಡುತ್ತಿವೆ. ಅಂಡರ್‌ವುಡ್ ಮತ್ತು ಬ್ಲ್ಯಾಕ್ ಹಿಲ್ಸ್ ಕಂಪನಿಗಳು ಇಂಥ ತೋಟಾಗಳನ್ನು ಮಾರುತ್ತವೆ. ಅರಳದೆಯೇ ಅಗಲವಾದ ಗಾಯ ಮಾಡುತ್ತವೆ ಎಂಬುದು ತಯಾರಕರ ಹೇಳಿಕೆ. ಬೆಲೆ ನೋಡಿ ನಾನು ಹಿಂದೆ ಸರಿದೆ. ಕೈ ತುಂಬ ಹಾರಿಸಿ ಪರೀಕ್ಷಿಸಲಾಗದ ತೋಟಾವನ್ನು ಜೇಬಿನಲ್ಲಿಟ್ಟುಕೊಳ್ಳುವುದು ನನ್ನಿಂದಾಗದು. ಕೆಲವು ಪೆಟ್ಟಿಗೆಗಳ ಮೇಲೆ ಪ್ಲಸ್-ಪಿ ಎಂಬ ಗುರುತಿರುತ್ತದೆ, ಅಂದರೆ ಹೆಚ್ಚಿನ ಒತ್ತಡದ ತೋಟಾ. ಅಮೆರಿಕದ ತೋಟಾ ತಯಾರಕರ ಮಾನಕ ಸಂಸ್ಥೆಯಾದ ಸ್ಯಾಮಿ 9 ಎಂಎಂಗೆ ಅಂಥ ದರ್ಜೆಯನ್ನು ನಿಗದಿಪಡಿಸಿದೆ, .380ಗೆ ನಿಗದಿಪಡಿಸಿಯೇ ಇಲ್ಲ. ಹಾಗಾಗಿ ಆ ಗುರುತಿನ ಅರ್ಥವೇನೆಂಬುದನ್ನು ಆಯಾ ಕಂಪನಿಯೇ ನಿರ್ಧರಿಸುತ್ತದೆ. ಮುನ್ನೂರು ಗ್ರಾಮಿಲ್ಲದ ಪಿಸ್ತೂಲಿಗೆ ಅದನ್ನು ತಿನ್ನಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಷ್ಟು ಹೊತ್ತು ಜೆಲ್ ಬಗ್ಗೆ ಮಾತನಾಡಿದರೂ, ನನ್ನ ಪಾಲಿಗೆ ನಿರ್ಣಾಯಕವಾದದ್ದು ಜೆಲ್ ಅಲ್ಲ. ನಾನು ಕೊಂಡ ಒಂದು ತೋಟಾ, ಅದರ ತಯಾರಕರ ಹೆಸರು ಇಲ್ಲಿ ಬೇಡ, ಪುಸ್ತಕದ ಲೆಕ್ಕದಲ್ಲಿ ಚೆನ್ನಾಗಿಯೇ ಇತ್ತು: ಅಗಲ ಬಾಯಿಯ ಕುಳಿ, ಮೊಂಡು ಮೂತಿ. ಐವತ್ತು ಹಾರಿಸುವಷ್ಟರಲ್ಲಿ ಮೂರು ಸಲ ಅದರ ಮೂತಿ ನಳಿಗೆಗೆ ಏರುವ ಇಳಿಜಾರಿಗೆ ತಾಗಿ ಸಿಕ್ಕಿಕೊಂಡು, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಓಡುವ ಸ್ಲೈಡು ಅರ್ಧಕ್ಕೇ ನಿಂತಿತು. ಅದೇ ಪೆಟ್ಟಿಗೆಯಲ್ಲಿ ಉಳಿದವನ್ನು ಗೆಳೆಯನ ಬೇರೊಂದು ಪಿಸ್ತೂಲಿನಲ್ಲಿ ಹಾರಿಸಿದಾಗ ಒಂದೂ ಸಿಕ್ಕಿಕೊಳ್ಳಲಿಲ್ಲ. ಆದ್ದರಿಂದ ದೋಷ ತೋಟಾದ್ದೂ ಅಲ್ಲ, ಪಿಸ್ತೂಲಿನದೂ ಅಲ್ಲ. ಜಾತಕ ಕೂಡಲಿಲ್ಲ, ಅಷ್ಟೆ. ಜೇಬು ಪಿಸ್ತೂಲುಗಳಲ್ಲಿ ಈ ಜಾತಕದ ಸಮಸ್ಯೆ ದೊಡ್ಡ ಪಿಸ್ತೂಲುಗಳಿಗಿಂತ ಹೆಚ್ಚು. ಸ್ಲೈಡು ಚಿಕ್ಕದು, ಅದು ಓಡುವ ದೂರ ಕಡಿಮೆ, ಸ್ಪ್ರಿಂಗು ಬಿಗಿ, ಹಿಡಿದ ಕೈ ತುಸು ಸಡಿಲವಾದರೂ ಅದರ ಲಯ ತಪ್ಪುತ್ತದೆ. ಎಕ್ಸ್‌ಟಿಪಿಯನ್ನು ನಾನು ನಾಲ್ಕು ಪೆಟ್ಟಿಗೆ, ಅಂದರೆ ನೂರು ತೋಟಾ, ಎರಡು ವಾರಾಂತ್ಯಗಳಲ್ಲಿ ಹಾರಿಸಿದೆ, ಒಂದೂ ಸಿಕ್ಕಿಕೊಳ್ಳಲಿಲ್ಲ. ಒಂದು ತೋಟಾಕ್ಕೆ ಸುಮಾರು ಒಂದು ಡಾಲರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೀಳುವ ವಸ್ತುವನ್ನು ನೂರರ ಲೆಕ್ಕದಲ್ಲಿ ಮಣ್ಣಿನ ದಿಬ್ಬಕ್ಕೆ ಸುರಿಯುವಾಗ ಮಧ್ಯಮ ವರ್ಗದ ಕನ್ನಡಿಗನ ಹೊಟ್ಟೆ ಉರಿಯುವುದು ಸಹಜ. ಆ ಉರಿಯನ್ನು ನುಂಗಿಕೊಂಡು ಮಾಡಬೇಕಾದ ಖರ್ಚು ಅದು. ಅಭ್ಯಾಸಕ್ಕೆ ಅಗ್ಗದ ಸಾದಾ ತೋಟಾ ಸಾಕು, ಪರೀಕ್ಷೆಗೆ ಮಾತ್ರ ಅಸಲಿಯೇ ಬೇಕು.

.380ಗಿಂತಲೂ ಸಣ್ಣ ಅಳತೆಗಳ ಬಗ್ಗೆ ನಾಲ್ಕು ಮಾತು. .32 ಎಸಿಪಿ ತೋಟಾದ ಬುಡದ ಅಂಚು ಕೊಳವೆಗಿಂತ ತುಸು ಹೊರಚಾಚಿರುತ್ತದೆ. ಗಿಡ್ಡನೆಯ ಹಾಲೋ ಪಾಯಿಂಟ್ ತೋಟಾಗಳನ್ನು ತುಂಬಿದಾಗ ಅವು ಮ್ಯಾಗಜಿನ್‌ನಲ್ಲಿ ಹಿಂದೆ ಮುಂದೆ ಅಲುಗಾಡಿ, ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕಿ, ಪಿಸ್ತೂಲು ಬೀಗ ಹಾಕಿಕೊಂಡಂತಾಗಬಹುದು. ಕೆಲ್-ಟೆಕ್ ಪಿ-32 ಇಟ್ಟುಕೊಂಡವರು ಸಾದಾ ಗುಂಡನ್ನೇ ನೆಚ್ಚಿಕೊಳ್ಳುವುದು ಇದಕ್ಕಾಗಿ. ತದ್ವಿರುದ್ಧವಾಗಿ ಸೀಕ್ಯಾಂಪ್ ಎಂಬ ಪುಟ್ಟ .32 ಪಿಸ್ತೂಲನ್ನು ವಿಂಚೆಸ್ಟರ್ ಸಿಲ್ವರ್‌ಟಿಪ್ ಎಂಬ ಗಿಡ್ಡ ಹಾಲೋ ಪಾಯಿಂಟಿನ ಅಳತೆಗೇ ಕಟ್ಟಿದ್ದಾರೆ, ಅದಕ್ಕೆ ಉದ್ದನೆಯ ಸಾದಾ ತೋಟಾ ಹೊಂದುವುದಿಲ್ಲ. .25ರಲ್ಲಿ ಅರಳುವ ಗುಂಡನ್ನು ಹುಡುಕುವುದೇ ವ್ಯರ್ಥ. ಸಾದಾ ಗುಂಡು ಸಾಕು. .22 ತೋಟಾದಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಬುಡದ ಅಂಚಿನೊಳಗೆ ಹರಡಿರುವುದರಿಂದ ಹೊತ್ತದೆ ಉಳಿಯುವ ಸಂಭವ ಹೆಚ್ಚು. ಆದರೂ ಕೈಗಳಲ್ಲಿ ಸಂಧಿವಾತವಿರುವ ಹಿರಿಯರಿಗೆ ಬೇರೆ ದಾರಿಯಿಲ್ಲದಿದ್ದರೆ, ಮೋಟು ನಳಿಗೆಗೆಂದೇ ಅರಳದಂತೆ ಮಾಡಿದ ಫೆಡರಲ್ ಪಂಚ್‌ನ 29 ಗ್ರೇನ್ ತೋಟಾ ಯೋಗ್ಯವಾದ ಆಯ್ಕೆ.

ಕರ್ನಾಟಕದಲ್ಲಿದ್ದುಕೊಂಡು ಇದನ್ನು ಓದುತ್ತಿರುವವರಿಗೆ ಈ ಆಯ್ಕೆಗಳ ಭಾಗ್ಯವೂ ಇಲ್ಲ, ಗೊಂದಲವೂ ಇಲ್ಲ. ಅಲ್ಲಿ 9 ಎಂಎಂ ಸಾಮಾನ್ಯನಿಗೆ ನಿಷಿದ್ಧವಾದ ಅಳತೆ. ಪರವಾನಗಿ ದೊರೆತವರು ಹೆಚ್ಚಾಗಿ ಇಟ್ಟುಕೊಳ್ಳುವುದು .32. ಎಷ್ಟು ತೋಟಾ ಕೊಳ್ಳಬಹುದೆಂಬುದೂ ಪರವಾನಗಿಯಲ್ಲಿಯೇ ನಮೂದಾಗಿರುತ್ತದೆ. ಒಂದು ಎಚ್ಚರಿಕೆ ಮಾತ್ರ ಅಲ್ಲಿಗೂ ಅನ್ವಯಿಸುತ್ತದೆ: ಕಾನ್ಪುರದಲ್ಲಿ 2014ರಿಂದ ತಯಾರಾಗುತ್ತಿರುವ ನಿರ್ಭೀಕ್‌ನಂಥ .32 ರಿವಾಲ್ವರಿನ ತೋಟಾ ಬೇರೆ, .32 ಪಿಸ್ತೂಲಿನ ತೋಟಾ ಬೇರೆ. ಸಂಖ್ಯೆ ಒಂದೇ ಎಂದು ಒಂದರದ್ದನ್ನು ಇನ್ನೊಂದಕ್ಕೆ ತುಂಬಲು ಹೋಗಬಾರದು.

ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹಳ ಜನ ಎಚ್-1ಬಿ ವೀಸಾದಲ್ಲಿದ್ದಾರೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಅರ್ಹರಾದ 21 ವರ್ಷ ಮೀರಿದವರು ಪರವಾನಗಿಯಿಲ್ಲದೆ ಕೈಪಿಸ್ತೂಲು ಒಯ್ಯಬಹುದೆಂಬ ಸುದ್ದಿ ಕೇಳಿ ಅಂಗಡಿಗೆ ಹೊರಟವರನ್ನು ನಾನು ಕಂಡಿದ್ದೇನೆ. ರಾಜ್ಯದ ಕಾನೂನು ಏನೇ ಹೇಳಲಿ, ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದವರು ಪಿಸ್ತೂಲನ್ನಷ್ಟೇ ಅಲ್ಲ, ಒಂದು ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿ ಇರುವವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆಯಿಲ್ಲ. ಗೆಳೆಯನ ಮಾತು ಕೇಳಿ ಪೆಟ್ಟಿಗೆಯೊಂದನ್ನು ಕೊಂಡಿಟ್ಟರೆ ವರ್ಷಗಟ್ಟಲೆ ಕಾದ ಕಡತವೇ ಮುಳುಗಬಹುದಾದ್ದರಿಂದ ಮೊದಲು ವಲಸೆ ವಕೀಲರನ್ನು ಕೇಳುವುದು ಒಳ್ಳೆಯದು.

ಆಯ್ಕೆ ಮುಗಿದ ಮೇಲೂ ತೋಟಾದ ಯೋಗಕ್ಷೇಮ ವಿಚಾರಿಸಬೇಕಾಗುತ್ತದೆ. ಪ್ರತಿ ರಾತ್ರಿ ಪಿಸ್ತೂಲು ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ಮತ್ತೆ ನಳಿಗೆಗೆ ಏರಿಸಿದರೆ, ಮೂತಿಗೆ ಬೀಳುವ ಪೆಟ್ಟಿನಿಂದ ಗುಂಡು ಕೊಳವೆಯೊಳಕ್ಕೆ ಕುಸಿಯುತ್ತದೆ. ಒಳಗಿನ ಜಾಗ ಕುಗ್ಗಿ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ನಾನು ಏರಿಸಿ ಇಳಿಸಿದ ತೋಟಾವನ್ನು ಹೊಸದೊಂದರ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತೇನೆ; ಕೂದಲೆಳೆಯಷ್ಟು ಗಿಡ್ಡವಾಗಿ ಕಂಡರೂ ಅದು ಮತ್ತೆ ಪಿಸ್ತೂಲಿಗೆ ಹೋಗುವುದಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ ಜೇಬು ಚೀಲವಿಲ್ಲದೆ ಪಿಸ್ತೂಲನ್ನು ಬರಿದಾಗಿ ಜೇಬಿಗಿಳಿಸುವುದಿಲ್ಲ, ಆ ಜೇಬಿನಲ್ಲಿ ಕೀಲಿಕೈಯೂ ಚಿಲ್ಲರೆಯೂ ಇರುವುದಿಲ್ಲ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ದೀಪಾವಳಿಯ ವಾರದಲ್ಲಿ, ಜೇಬಿನಲ್ಲಿದ್ದ ಏಳನ್ನೂ ರೇಂಜಿನಲ್ಲಿ ಹಾರಿಸಿ ಹೊಸತನ್ನು ತುಂಬುತ್ತೇನೆ.

ಈಗ ನನ್ನ ಎಲ್‌ಸಿಪಿಯಲ್ಲಿರುವುದು ಏಳು ಎಕ್ಸ್‌ಟಿಪಿ. ಮೇಜಿನ ಬೀಗದ ಪೆಟ್ಟಿಗೆಯಲ್ಲಿ ಇನ್ನೊಂದು ಮ್ಯಾಗಜಿನ್ ಚಪ್ಪಟೆ ಮೂತಿಯ ಸಾದಾ ಗುಂಡುಗಳಿಂದ ತುಂಬಿದೆ; ಚಳಿಗಾಲದಲ್ಲಿ ಜನ ದಪ್ಪ ಕೋಟು ಹಾಕಿಕೊಂಡು ಓಡಾಡುವ ಉತ್ತರದ ರಾಜ್ಯಗಳಲ್ಲಿದ್ದಿದ್ದರೆ ಬಹುಶಃ ಅದನ್ನೇ ಮೊದಲು ಹಾಕುತ್ತಿದ್ದೆ. ಇವೆಲ್ಲವನ್ನೂ ರೇಂಜಿಗೆ ಒಯ್ಯುವ ಚೀಲ ಕಂದು ಬಣ್ಣದ್ದು, ಅದನ್ನು ಬೇರೆ ಯಾವ ಕೆಲಸಕ್ಕೂ, ಮುಖ್ಯವಾಗಿ ಊರಿಗೆ ಹೋಗುವ ಪ್ರಯಾಣಕ್ಕೆ, ಬಳಸುವುದಿಲ್ಲ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಸಜೀವ ಗುಂಡು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ, ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಎದುರಿಸಿದ ಅನಿವಾಸಿಗಳ ಸುದ್ದಿ ಭಾರತದ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಇಟ್ಟಿದ್ದು ಗೊತ್ತೇ ಇರಲಿಲ್ಲ ಎಂದು ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲಬಹುದು. ಆದರೆ ಮೂರು ವಾರದ ರಜೆ ಅಷ್ಟರಲ್ಲಿ ಮುಗಿದಿರುತ್ತದೆ.